ಆಶ್ರಯ ನಿವೇಶನ ಒಪ್ಪುವ ಮುನ್ನ: ಕಾಫಿ ನಾಡಿನ ಅರ್ಜಿದಾರರು ಅಳೆದು ನೋಡಬೇಕಾದ ಕುಂದುಗಳು

ಸರ್ಕಾರದ ವಸತಿ ಯೋಜನೆಯಡಿ ನಿವೇಶನವೋ ಮನೆಯೋ ಮಂಜೂರಾಯಿತು ಎಂಬ ಸುದ್ದಿ ಬಂದಾಗ ಬಹುತೇಕ ಕುಟುಂಬಗಳು ಕೇಳುವ ಮೊದಲ ಪ್ರಶ್ನೆ 'ಯಾವ ಜಾಗದಲ್ಲಿ?' ಎಂಬುದು. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ ಬಗೆಯದು: ಪೇಟೆಯ ಅಂಚು, ಗುಡ್ಡದ ಓರೆ, ಬಸ್ಸು ನಿಲ್ಲದ ತಿರುವು, ಇಲ್ಲವೇ ಕಸದ ಘಟಕದ ಆಸುಪಾಸು. ಕುಂದಿಲ್ಲದ ಜಾಗ ಅಗ್ಗದ ವಸತಿಗೆ ದೊರೆಯುವುದು ಅಪರೂಪ. ಹಾಗಾಗಿ ಅರ್ಜಿದಾರರ ಮುಂದಿರುವ ನಿಜವಾದ ಪ್ರಶ್ನೆ ಕುಂದು ಇದೆಯೋ ಇಲ್ಲವೋ ಎಂಬುದಲ್ಲ. ಇರುವ ಕುಂದು ಕಾಲಕ್ರಮದಲ್ಲಿ ತೀರುವಂಥದೋ, ಎಂದಿಗೂ ತೀರದಂಥದೋ ಎಂಬುದು.

ಈ ತೂಗಾಟ ಅನಿವಾರ್ಯವಾಗಲು ಕಾರಣವಿದೆ. ಸರ್ಕಾರಿ ವಸತಿ ಸೌಲಭ್ಯ ಒಂದು ಕುಟುಂಬಕ್ಕೆ ಒಮ್ಮೆ ಮಾತ್ರ. ಯಾವುದೇ ಯೋಜನೆಯಡಿ ಫಲಾನುಭವಿ ಎಂದು ದಾಖಲಾದ ಕುಟುಂಬ ಮತ್ತೊಂದು ಯೋಜನೆಗೆ ಅರ್ಹವಾಗುವುದಿಲ್ಲ. ತಪ್ಪು ಜಾಗವನ್ನು ಒಪ್ಪಿದರೆ ಇರುವ ಒಂದೇ ಅವಕಾಶ ಕೈತಪ್ಪುತ್ತದೆ. ಸಣ್ಣ ಕುಂದಿಗೆ ಹೆದರಿ ನಿರಾಕರಿಸಿದರೆ ಮುಂದಿನ ಸರದಿ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ.

ಲೈನು ಮನೆಯಿಂದ ಸ್ವಂತ ಮನೆಗೆ

ಕಾಫಿ ತೋಟಗಳ ಕಾರ್ಮಿಕರು ತಲೆಮಾರುಗಳಿಂದ ವಾಸಿಸುತ್ತ ಬಂದಿರುವುದು ಮಾಲೀಕರು ಕಟ್ಟಿಸಿದ ಸಾಲು ಮನೆಗಳಲ್ಲಿ. ಜನರ ಬಾಯಲ್ಲಿ ಇವು 'ಲೈನು' ಎಂದೇ ಪರಿಚಿತ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. 1981ರ ತಿದ್ದುಪಡಿಯು, ಮಾಲೀಕರು ಒದಗಿಸಿದ ಮನೆ ಕುಸಿದು ಸಾವು ನೋವು ಸಂಭವಿಸಿದಲ್ಲಿ ಪರಿಹಾರದ ಹೊಣೆಯೂ ಅವರದೇ ಎಂದು ಸೇರಿಸಿತು. ಆದರೆ ಕಾಯ್ದೆ ಅನ್ವಯವಾದದ್ದು 5 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ. ಸಣ್ಣ ಬೆಳೆಗಾರರ ತೋಟಗಳು ಅದರ ಹೊರಗೇ ಉಳಿದವು. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಕಾಯ್ದೆಯ ವಿಷಯಗಳು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಸಂಹಿತೆಯಲ್ಲಿ ಸೇರಿಹೋದವು.

ಲೈನು ಮನೆಯ ನಂಟು ಕೆಲಸದೊಂದಿಗೆ. ಕೆಲಸ ಬಿಟ್ಟರೆ, ವಯಸ್ಸಾಗಿ ದುಡಿಯಲಾಗದಿದ್ದರೆ, ತೋಟ ಮಾರಾಟವಾದರೆ ಮನೆಯೂ ಹೋಗುತ್ತದೆ. ಈ ಅನಿಶ್ಚಿತತೆಯೇ ಅನೇಕ ಕುಟುಂಬಗಳನ್ನು ಪೇಟೆಯ ಆಶ್ರಯ ನಿವೇಶನದ ಸಾಲಿನಲ್ಲಿ ನಿಲ್ಲಿಸಿದೆ. ಲೈನಿನಿಂದ ಸ್ವಂತ ಮನೆಗೆ ಬರುವವರು ಒಂದು ಬದಲಾವಣೆಯನ್ನು ಅರಿತಿರಬೇಕು. ಮನೆಯ ಹಿಂದಿನ ದರೆ ಗಟ್ಟಿಯಾಗಿದೆಯೇ, ನೀರು ಎಲ್ಲಿಂದ ಬರುತ್ತದೆ, ಆಸ್ಪತ್ರೆಗೆ ಜೀಪು ಸಿಗುತ್ತದೆಯೇ ಎಂಬ ವಿಚಾರಗಳನ್ನು ತೋಟದಲ್ಲಿ ಮಾಲೀಕರೋ ರೈಟರೋ ನೋಡಿಕೊಳ್ಳುತ್ತಿದ್ದರು, ಇಲ್ಲವೇ ನೋಡಿಕೊಳ್ಳಬೇಕಿತ್ತು. ಹಕ್ಕುಪತ್ರ ಕೈಗೆ ಬಂದ ದಿನದಿಂದ ಅವೆಲ್ಲವೂ ಮನೆಯವರ ಹೊಣೆ.

ಯೋಜನೆಗಳು ಮತ್ತು ಆಯ್ಕೆಯ ಬಗೆ

ರಾಜ್ಯದಲ್ಲಿ ಆಶ್ರಯ ಯೋಜನೆ ಆರಂಭವಾದದ್ದು 1991–92ರಲ್ಲಿ. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹೆಸರಿಗೆ ಗ್ರಾಮೀಣವಾದರೂ ನಗರ ಪ್ರದೇಶದ ವಸತಿ ಯೋಜನೆಗಳನ್ನೂ ನಿರ್ವಹಿಸುತ್ತದೆ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಾಜಪೇಯಿ ನಗರ ವಸತಿ ಮೊದಲಾದ ಯೋಜನೆಗಳು ಬೇರೆ ಬೇರೆ ವರ್ಷಗಳಲ್ಲಿ ಸೇರಿಕೊಂಡವು. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರ ಜೂನ್ 25ರಂದು ಆರಂಭವಾಯಿತು. ಅದರ ಎರಡನೆಯ ಹಂತಕ್ಕೆ 2024ರಲ್ಲಿ ಚಾಲನೆ ದೊರೆಯಿತು. ಈ ಹಂತದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂ.ವರೆಗೆ ಇರುವ ಕುಟುಂಬಗಳು ಆರ್ಥಿಕವಾಗಿ ದುರ್ಬಲ ವರ್ಗದಲ್ಲಿ ಬರುತ್ತವೆ. ಅರ್ಜಿ ಹಾಕುವ ಕುಟುಂಬಕ್ಕೆ ದೇಶದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಇರಬಾರದು.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ಚಿಕ್ಕಮಗಳೂರು ನಗರಸಭೆ, ಮೂಡಿಗೆರೆ ಪಟ್ಟಣ ಪಂಚಾಯಿತಿಯಂಥ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ. ಬಡಾವಣೆ ಎಲ್ಲಿ ಎಂಬುದನ್ನು ನಿರ್ಧರಿಸುವುದು ಮಾತ್ರ ಅರ್ಜಿದಾರರ ಇಷ್ಟವಲ್ಲ, ಸರ್ಕಾರಿ ಜಮೀನು ಎಲ್ಲಿ ದೊರೆಯಿತು ಎಂಬ ಸಂಗತಿ. ಸುತ್ತಲೂ ತೋಟ ಮತ್ತು ಅರಣ್ಯವೇ ಇರುವ ಮೂಡಿಗೆರೆ, ಕಳಸದಲ್ಲಿ ಸಮತಟ್ಟಾದ ಸರ್ಕಾರಿ ಜಾಗ ಬಹಳ ಕಡಿಮೆ. ಉಳಿದಿರುವ ತುಂಡುಗಳು ಉಳಿದಿರುವುದೇ ಅವುಗಳಲ್ಲಿ ಏನಾದರೊಂದು ಕುಂದು ಇದ್ದುದರಿಂದ.

ತೀರುವ ಕುಂದು, ತೀರದ ಕುಂದು

ಮಣ್ಣು ರಸ್ತೆ, ಬೀದಿ ದೀಪವಿಲ್ಲದಿರುವುದು, ಚರಂಡಿ ಇಲ್ಲದಿರುವುದು, ನಲ್ಲಿ ಸಂಪರ್ಕ ತಡವಾಗಿರುವುದು, ಹತ್ತಿರದಲ್ಲಿ ಅಂಗನವಾಡಿ ಇಲ್ಲದಿರುವುದು – ಇವು ತೀರುವ ಕುಂದುಗಳು. ಜನ ಬಂದು ನೆಲೆಸಿದ ಮೇಲೆ, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ಒಂದೊಂದಾಗಿ ಬರತಕ್ಕವು. ಐದು ವರ್ಷವೋ ಹತ್ತು ವರ್ಷವೋ ಹಿಡಿದೀತು. ಬೇಡಿಕೆ ಇಡಲು ಒಂದು ಕಚೇರಿಯಂತೂ ಇರುತ್ತದೆ.

ಬೆಟ್ಟದ ಓರೆ, ಹಳ್ಳದ ಪಾತ್ರ, ಆನೆ ನಡೆಯುವ ದಾರಿ, ದುಡಿಮೆಯ ಸ್ಥಳದಿಂದ ಇರುವ ದೂರ, ಜಮೀನಿನ ಕಾನೂನು ಸ್ವರೂಪ – ಇವು ತೀರದ ಕುಂದುಗಳು. ಯಾವ ಅರ್ಜಿಯೂ ಗುಡ್ಡವನ್ನು ಸರಿಸಲಾರದು. ಮೊದಲ ಬಗೆಯ ಕುಂದು ಎಷ್ಟೇ ಇದ್ದರೂ ಒಪ್ಪಿಕೊಳ್ಳುವುದರಲ್ಲಿ ಅರ್ಥವಿದೆ. ಎರಡನೆಯ ಬಗೆಯದು ಒಂದೇ ಇದ್ದರೂ ತಡೆದು ಯೋಚಿಸಬೇಕು. ಜನ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಕಣ್ಣಿಗೆ ಕಾಣುವ ಕೆಸರು ರಸ್ತೆ ಬೇಸರ ತರಿಸುತ್ತದೆ. ಬೇಸಿಗೆಯಲ್ಲಿ ಒಣಗಿ ಮಲಗಿದ ಹಳ್ಳ ಕಣ್ಣಿಗೆ ಬೀಳುವುದೇ ಇಲ್ಲ.

ಗುಡ್ಡ, ದರೆ, ಹಳ್ಳ

2019ರ ಆಗಸ್ಟ್ ಎರಡನೆಯ ವಾರದ ಮಳೆ ಮೂಡಿಗೆರೆ ಮತ್ತು ಕಳಸ ಭಾಗಕ್ಕೆ ಮರೆಯಲಾಗದ ಪಾಠ. ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟಗಳು ನಾಶವಾದವು. ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಕುಸಿತವಾಗಿ ಸಂಚಾರ ನಿಂತಿತು. ಪೂರ್ಣ ಹಾನಿಗೊಳಗಾದ ಮನೆಗೆ 5 ಲಕ್ಷ ರೂ. ಪರಿಹಾರವನ್ನು ಸರ್ಕಾರ ಪ್ರಕಟಿಸಿತು. ಆದರೆ ಹಣಕ್ಕಿಂತ ಕಠಿಣವಾದದ್ದು ಸುರಕ್ಷಿತ ಬದಲಿ ಜಾಗ ಹುಡುಕುವ ಕೆಲಸ. ಸಂತ್ರಸ್ತ ಕುಟುಂಬಗಳು ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಇಸ್ರೊ 2023ರಲ್ಲಿ ಪ್ರಕಟಿಸಿದ ಭೂಕುಸಿತ ಭೂಪಟದಲ್ಲಿ ದೇಶದ 147 ಜಿಲ್ಲೆಗಳಿದ್ದು, ಚಿಕ್ಕಮಗಳೂರೂ ಅವುಗಳಲ್ಲಿ ಒಂದು.

ತೋಟ ಕಾರ್ಮಿಕರ ವಸತಿಯ ದೃಷ್ಟಿಯಿಂದ ನೆರೆಯ ಕೇರಳದ ವಯನಾಡಿನ ಅನುಭವವೂ ಇಲ್ಲಿ ಪ್ರಸ್ತುತ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲ ಪ್ರದೇಶದಲ್ಲಿ ಸಂಭವಿಸಿದ ಭೂಕುಸಿತದಲ್ಲಿ ತೋಟದ ಲೈನುಗಳೂ ಕೊಚ್ಚಿಹೋದವು. ಬದುಕುಳಿದವರಿಗಾಗಿ ಕಲ್ಪೆಟ್ಟದ ತೋಟವೊಂದರ ಜಮೀನಿನಲ್ಲಿ ಬಡಾವಣೆಗೆ 2025ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿಗೆ ಬರಲೊಲ್ಲದವರಿಗೆ 15 ಲಕ್ಷ ರೂ. ನೀಡುವ ಆಯ್ಕೆಯನ್ನು ಅಲ್ಲಿನ ಸರ್ಕಾರ ಇಟ್ಟಿತು. ಅಂಥ ಆಯ್ಕೆ ಸಾಮಾನ್ಯ ಆಶ್ರಯ ಅರ್ಜಿದಾರರಿಗೆ ಇಲ್ಲ. ಅವರು ಜಾಗವನ್ನು ಮೊದಲೇ ಪರೀಕ್ಷಿಸಬೇಕು.

ಪರೀಕ್ಷಿಸುವ ಕ್ರಮ ಹಳ್ಳಿಗರಿಗೆ ಹೊಸದಲ್ಲ. ನಿವೇಶನವನ್ನು ಪುಷ್ಯ ಅಥವಾ ಆಶ್ಲೇಷ ಮಳೆಯ ಕಾಲದಲ್ಲಿ ನೋಡಬೇಕು. ನೀರು ಮೇಲಿನಿಂದ ಎಲ್ಲಿ ಇಳಿಯುತ್ತದೆ, ಹೊಸ ಒರತೆಗಳು ಎಲ್ಲಿ ಏಳುತ್ತವೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಜೆಸಿಬಿಯಿಂದ ಗುಡ್ಡ ಕಡಿದು ಮೆಟ್ಟಿಲಿನಂತೆ ತಟ್ಟು ಮಾಡಿದ ಬಡಾವಣೆಗಳಲ್ಲಿ ಎರಡು ಅಂಶ ಮುಖ್ಯ: ನಿವೇಶನ ಕಡಿದ ನೆಲದ ಮೇಲಿದೆಯೋ, ತುಂಬಿದ ಮಣ್ಣಿನ ಮೇಲಿದೆಯೋ, ಹಿಂಬದಿಯ ದರೆಗೆ ತಡೆಗೋಡೆ ಇದೆಯೋ ಇಲ್ಲವೋ. ತುಂಬಿದ ಮಣ್ಣಿನಲ್ಲಿ ತಳಪಾಯಕ್ಕೆ ಹೆಚ್ಚು ಆಳ ತೋಡಬೇಕಾಗುತ್ತದೆ. ಸಹಾಯಧನದ ಬಹುಪಾಲು ನೆಲದೊಳಗೇ ಮುಗಿದುಹೋಗುತ್ತದೆ. ಮರಗಳು ಒಂದೇ ಕಡೆಗೆ ಬಾಗಿರುವುದು, ನೆಲದಲ್ಲಿ ಕಮಾನಿನಾಕಾರದ ಬಿರುಕು, ಮಳೆ ನಿಂತ ಮೇಲೂ ಕೆಂಪಾಗಿ ಹರಿಯುವ ನೀರು – ಇವು ನೆಲ ಜಾರುತ್ತಿರುವುದರ ಲಕ್ಷಣಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ತಯಾರಿಸಿದೆ. ಬಡಾವಣೆಯ ಜಾಗವನ್ನು ಅವುಗಳೊಂದಿಗೆ ತಾಳೆ ನೋಡಲಾಗಿದೆಯೇ ಎಂದು ಸ್ಥಳೀಯ ಸಂಸ್ಥೆಯನ್ನು ಲಿಖಿತವಾಗಿ ಕೇಳಬಹುದು.

ಹಳ್ಳ ದಾಟಿ ಹೋಗಬೇಕಾದ ಜಾಗಗಳಿಗೆ ಬೇರೆಯೇ ತೊಂದರೆ. ಕಳಸ–ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಭದ್ರಾ ನದಿ ತುಂಬಿದಾಗ ಮುಳುಗಿ ಸಂಪರ್ಕ ಕಡಿದ ಸಂದರ್ಭಗಳು ಹಲವು. ಮನೆ ಎತ್ತರದಲ್ಲಿದ್ದರೂ ದಾರಿ ತಗ್ಗಿನಲ್ಲಿದ್ದರೆ ಮಳೆಗಾಲದಲ್ಲಿ ಕೂಲಿ, ಶಾಲೆ, ಆಸ್ಪತ್ರೆ ಮೂರೂ ನಿಲ್ಲುತ್ತವೆ.

ದೂರ ಮತ್ತು ಬಸ್ಸು

ಲೈನಿನಲ್ಲಿದ್ದ ಕುಟುಂಬಕ್ಕೆ ಕೆಲಸ ಮನೆಯ ಬಾಗಿಲಲ್ಲೇ. ಪೇಟೆಯ ಬಡಾವಣೆಗೆ ಬಂದ ಮೇಲೆ ಅದೇ ತೋಟಕ್ಕೆ ಹೋಗಿಬರಲು ಹಣ ಮತ್ತು ಹೊತ್ತು ಎರಡೂ ಬೇಕು. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಈ ತಿಂಗಳುಗಳಲ್ಲಿ ತೋಟಗಳಿಂದ ಜೀಪು, ಪಿಕಪ್‌ಗಳು ಪೇಟೆಯವರೆಗೂ ಬಂದು ಆಳುಗಳನ್ನು ಕರೆದೊಯ್ಯುತ್ತವೆ. ಕೆಲಸ ಕಡಿಮೆಯಾಗುವ ಮಳೆಗಾಲದಲ್ಲಿ ಹಾಗೆ ಬರುವ ಗಾಡಿಗಳೂ ಕಡಿಮೆ. ಆದ್ದರಿಂದ ದೂರವನ್ನು ಕೊಯ್ಲಿನ ಕಾಲದ ಅನುಕೂಲದಿಂದ ಅಳೆಯದೆ, ಜೂನ್–ಜುಲೈ ತಿಂಗಳ ಬರಿಗೈಯಿಂದ ಅಳೆಯುವುದು ಸೂಕ್ತ.

ಬಸ್ ಸೌಕರ್ಯವನ್ನು ನೆಚ್ಚುವಾಗಲೂ ಎಚ್ಚರ ಬೇಕು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆ ಸಂಸ್ಥೆ ಸುಮಾರು ಮೂರು ದಶಕ ಮಲೆನಾಡಿನ ಒಳದಾರಿಗಳಲ್ಲಿ ಬಸ್ ಓಡಿಸಿ, 2020ರ ಫೆಬ್ರುವರಿಯಲ್ಲಿ ನಷ್ಟದಿಂದ ಸಂಚಾರ ನಿಲ್ಲಿಸಿತು. ಆ ಬಸ್ಸನ್ನೇ ನಂಬಿದ್ದ ಊರುಗಳು ಪರದಾಡಿದವು. ಒಂದೇ ಬಸ್ಸಿನ ಮೇಲೆ ನಿಂತ ಬಡಾವಣೆಗೂ ಇದೇ ಅಪಾಯ. ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿದ್ದು, ಅದು ಸರ್ಕಾರಿ ಬಸ್ಸುಗಳಿಗೆ ಮಾತ್ರ ಸೀಮಿತ. ಖಾಸಗಿ ಬಸ್ಸುಗಳೇ ಓಡುವ ದಾರಿಯಲ್ಲಿ ಅದರ ಪ್ರಯೋಜನವಿಲ್ಲ. ಬಡಾವಣೆಯ ದಾರಿಯಲ್ಲಿ ಓಡುವುದು ಯಾರ ಬಸ್ಸು, ಬೆಳಿಗ್ಗೆ ಮೊದಲ ಬಸ್ಸು ಮತ್ತು ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.

ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ., ಮೂಡಿಗೆರೆಯಿಂದ ಸುಮಾರು 30 ಕಿ.ಮೀ. ಡಯಾಲಿಸಿಸ್, ಹೆರಿಗೆಯ ತೊಡಕು, ಅಂಗವೈಕಲ್ಯದ ಚಿಕಿತ್ಸೆಯಂಥ ಅಗತ್ಯವಿರುವ ಕುಟುಂಬಕ್ಕೆ ಈ ಅಂತರ ಉಳಿದೆಲ್ಲ ಅನುಕೂಲಗಳನ್ನೂ ಮೀರಿದ್ದು.

ನೀರು ಮತ್ತು ಕಸ

ಮಳೆ ಹೆಚ್ಚು ಬೀಳುವ ನಾಡಿನಲ್ಲಿ ನೀರಿನ ಚಿಂತೆಯೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಗುಡ್ಡದ ಮೇಲಿನ ಬಡಾವಣೆಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಬಾವಿ, ಒರತೆಗಳು ಇಳಿಯುತ್ತವೆ. ತೋಟದಲ್ಲಿ ಗುಡ್ಡದ ಝರಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿದ್ದ ನೀರು ಇಲ್ಲಿಲ್ಲ. ಚಿಕ್ಕಮಗಳೂರು ನಗರಕ್ಕೆ ಯಗಚಿ ಮತ್ತು ಹಿರೇಕೊಳಲೆ ಕೆರೆ ನೀರಿನ ಮೂಲಗಳು. ನಗರದಂಚಿನ ಹೊಸ ಬಡಾವಣೆ ಈ ಕೊಳವೆ ಜಾಲಕ್ಕೆ ಸೇರಿದೆಯೋ, ಕೊಳವೆ ಬಾವಿಯನ್ನೇ ನಂಬಿದೆಯೋ ಎಂಬುದು ಮುಖ್ಯ. ಮೊದಲನೆಯದಾದರೆ ಸಂಪರ್ಕ ತಡವಾದರೂ ಅದು ತೀರುವ ಕುಂದು. ಎರಡನೆಯದಾದರೆ ಏಪ್ರಿಲ್‌ನಲ್ಲೊಮ್ಮೆ ಹೋಗಿ ನೋಡದೆ ಒಪ್ಪಬಾರದು.

ಘನತ್ಯಾಜ್ಯ ಘಟಕ, ಸ್ಮಶಾನ, ಮಾಂಸ ಮಾರುಕಟ್ಟೆಯ ಹತ್ತಿರದ ನಿವೇಶನಗಳ ಬಗ್ಗೆ ಆಕ್ಷೇಪ ಹೆಚ್ಚು. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ಸ್ಮಶಾನದ ನೆರೆಯಿಂದ ಆಗುವುದು ಹೆಚ್ಚಾಗಿ ಮನಸ್ಸಿನ ಅಳುಕು. ಕಸದ ಘಟಕದ ನೆರೆ ಹಾಗಲ್ಲ: ಗಾಳಿ ಬೀಸುವ ದಿಕ್ಕು, ಕಸದಿಂದ ಸೋರಿದ ನೀರು ಹರಿಯುವ ದಿಕ್ಕು, ಬೀದಿ ನಾಯಿಗಳ ಹಾವಳಿ – ಇವು ನಿತ್ಯದ ತೊಂದರೆಗಳು. ನಗರದ ಘನತ್ಯಾಜ್ಯ ಘಟಕವಿರುವ ಇಂದಾವರದ ಕಡೆಯಂಥ ಜಾಗಗಳಲ್ಲಿ ಘಟಕದಿಂದ ನಿವೇಶನಕ್ಕೆ ಇರುವ ಅಂತರದ ಜೊತೆಗೆ, ನಿವೇಶನ ಮೇಲ್ಭಾಗದಲ್ಲಿದೆಯೋ ಇಳಿಜಾರಿನ ಕೆಳಗಿದೆಯೋ ಎಂಬುದನ್ನೂ ನೋಡಬೇಕು. ಕೆಳಗಿದ್ದರೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯುವಂತಿಲ್ಲ.

ಆನೆಯ ದಾರಿ

ಮೂಡಿಗೆರೆ, ಆಲ್ದೂರು ಸುತ್ತಿನ ತೋಟಗಳಲ್ಲಿ ಕಾಡಾನೆಗಳ ಸಂಚಾರ ನಿತ್ಯದ ಸಂಗತಿಯಾಗಿದೆ. ಕಾಡಾನೆ ದಾಳಿಯಿಂದ ಜೀವಹಾನಿ ಪದೇ ಪದೇ ಸಂಭವಿಸಿದ ಹಿನ್ನೆಲೆಯಲ್ಲಿ 2022ರ ನವೆಂಬರ್‌ನಲ್ಲಿ ಸರ್ಕಾರ ಚಿಕ್ಕಮಗಳೂರು ಸೇರಿದಂತೆ ಕೆಲವು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸುವ ತೀರ್ಮಾನ ಪ್ರಕಟಿಸಿತು. ಪೇಟೆಯೊಳಗಿನ ಬಡಾವಣೆಗೆ ಈ ಭಯ ಕಡಿಮೆ. ಆದರೆ ಮುಖ್ಯ ರಸ್ತೆಯಿಂದ ತೋಟದ ನಡುವೆ ಒಂದೆರಡು ಕಿ.ಮೀ. ನಡೆದು ಹೋಗಬೇಕಾದ ಜಾಗದಲ್ಲಿ ಮುಂಜಾನೆ ಕೆಲಸಕ್ಕೆ ಹೊರಡುವವರು, ಕತ್ತಲಾದ ಮೇಲೆ ಹಿಂತಿರುಗುವವರು, ಶಾಲೆಗೆ ಹೋಗುವ ಮಕ್ಕಳು ಅಪಾಯಕ್ಕೆ ಸಿಲುಕುತ್ತಾರೆ. ಮನೆಯ ಸ್ಥಳಕ್ಕಿಂತ ಮನೆಯ ದಾರಿಯನ್ನು ನೋಡುವುದೇ ಇಲ್ಲಿ ಮುಖ್ಯ. ಯಾವ ತಿಂಗಳಲ್ಲಿ ಆನೆ ಯಾವ ಬದಿಯಿಂದ ದಾಟುತ್ತದೆ ಎಂಬುದು ಅಕ್ಕಪಕ್ಕದ ತೋಟಗಳ ಆಳುಗಳಿಗೆ ಚೆನ್ನಾಗಿ ಗೊತ್ತು.

ಜಮೀನಿನ ಕಾಗದ

ಕಣ್ಣಿಗೆ ಕಾಣದ ಕುಂದು ಕಾಗದದ್ದು. ಮಲೆನಾಡಿನಲ್ಲಿ ವಸತಿಗೆಂದು ಗುರುತಿಸಿದ ಜಮೀನು ಮೇಲೆ ನೋಡಲು ಖಾಲಿಯಿದ್ದರೂ ದಾಖಲೆಯಲ್ಲಿ ಅರಣ್ಯವಾಗಿರಬಹುದು. ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗೆ ಒಳಪಟ್ಟ ಜಮೀನು, ಡೀಮ್ಡ್ ಅರಣ್ಯ – ಇವು ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವಿನ ತಕರಾರಿಗೆ ಕಾರಣವಾಗುತ್ತ ಬಂದಿವೆ. ರಾಜ್ಯ ಸರ್ಕಾರ 2022ರಲ್ಲಿ ಡೀಮ್ಡ್ ಅರಣ್ಯದ ವ್ಯಾಪ್ತಿಯನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿದರೂ ಪ್ರತಿ ಸರ್ವೆ ನಂಬರಿನ ಸ್ಥಿತಿಯನ್ನು ಬೇರೆಯಾಗಿಯೇ ನೋಡಬೇಕು. ಇಂಥ ಜಾಗದಲ್ಲಿ ಹಂಚಿದ ನಿವೇಶನಕ್ಕೆ ಮುಂದೆ ಖಾತೆ ಆಗದೆ, ಸಾಲ ಸಿಗದೆ, ಮನೆ ಅರ್ಧಕ್ಕೆ ನಿಲ್ಲುವ ಸಂಭವವಿದೆ.

ಹೀಗಾಗಿ ಬಡಾವಣೆಯ ಸರ್ವೆ ನಂಬರ್ ಕೇಳಿ ಪಡೆದು, ನಾಡಕಚೇರಿಯಲ್ಲಿ ಪಹಣಿ ತೆಗೆಸಬೇಕು. ಅದರಲ್ಲಿ ಅರಣ್ಯ ಎಂಬ ನಮೂದು ಇದೆಯೇ ಎಂದು ಓದಿಸಿಕೊಳ್ಳಬೇಕು. ಹಕ್ಕುಪತ್ರದ ಹಿಂಬದಿಯಲ್ಲಿ ಅಚ್ಚಾದ ಷರತ್ತುಗಳನ್ನೂ ಓದಬೇಕು. ನಿರ್ದಿಷ್ಟ ಅವಧಿಯವರೆಗೆ ಮಾರುವಂತಿಲ್ಲ, ಗೊತ್ತಾದ ಕಾಲದೊಳಗೆ ಮನೆ ಕಟ್ಟಬೇಕು ಎಂಬಂಥ ನಿಬಂಧನೆಗಳು ಅಲ್ಲಿರುತ್ತವೆ. ಸಹಾಯಧನ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಜಿಪಿಎಸ್ ಛಾಯಾಚಿತ್ರದ ಆಧಾರದ ಮೇಲೆ ಬಿಡುಗಡೆಯಾಗುತ್ತದೆ. ಮೊದಲ ಹಂತಕ್ಕೆ ಕೈಯಿಂದಲೇ ಹಣ ಹಾಕಬೇಕು. ಲಾರಿ ಹೋಗದ ದಾರಿಯಾದರೆ ಮರಳು, ಕಲ್ಲು ಹೊರಿಸುವ ಕೂಲಿಯೇ ದೊಡ್ಡ ಖರ್ಚು. ಕೆಲಸ ತಡವಾಗಿ ಮನೆ 'ಬ್ಲಾಕ್' ಆದರೆ ಮತ್ತೆ ಕಚೇರಿಗೆ ಅಲೆದಾಟ.

ನೆರೆಯವರು

ಹೊಸ ಬಡಾವಣೆಯಲ್ಲಿ ಬೇರೆ ಬೇರೆ ಊರು, ಜಾತಿ, ಭಾಷೆಯ ಜನ ಒಟ್ಟಾಗಿ ಬಂದು ಸೇರುತ್ತಾರೆ. ತೋಟದ ಲೈನಿನಲ್ಲಿ ಇದ್ದ ಪರಿಚಯದ ಬಲ ಮೊದಮೊದಲು ಇಲ್ಲಿರುವುದಿಲ್ಲ. ದೀಪವಿಲ್ಲದ ಬೀದಿ, ಬಳಿಯ ಮದ್ಯದಂಗಡಿ, ಖಾಲಿ ಬಿದ್ದ ಮನೆಗಳು ಮಹಿಳೆಯರಿಗೂ ಒಂಟಿ ವೃದ್ಧರಿಗೂ ಆತಂಕ ತರುತ್ತವೆ. ಮಂಜೂರಾದವರಲ್ಲಿ ಎಷ್ಟು ಜನ ನಿಜವಾಗಿ ಮನೆ ಕಟ್ಟಿ ವಾಸವಿದ್ದಾರೆ ಎಂಬುದು ಬಡಾವಣೆಯ ಭವಿಷ್ಯಕ್ಕೆ ಒಳ್ಳೆಯ ಅಳತೆ. ಅರ್ಧಕ್ಕಿಂತ ಹೆಚ್ಚು ನಿವೇಶನಗಳಲ್ಲಿ ಪೊದೆ ಬೆಳೆದಿದ್ದರೆ, ಜನ ಏಕೆ ಬರಲಿಲ್ಲವೆಂದು ಅಲ್ಲಿರುವವರನ್ನೇ ಕೇಳಬೇಕು. 'ಕಾಲೊನಿ' ಎಂಬ ಹೆಸರಿಗೆ ಅಂಟಿರುವ ಕೀಳರಿಮೆಯ ಕಾರಣಕ್ಕೆ ಜಾಗ ಬೇಡವೆನ್ನುವವರೂ ಇದ್ದಾರೆ. ಅದು ಊರಿನ ಮನಸ್ಸಿನ ಕುಂದು, ನೆಲದ ಕುಂದಲ್ಲ. ಒಂದು ತಲೆಮಾರು ಓದಿ ಮುಂದೆ ಬಂದರೆ ಆ ಹೆಸರಿನ ಭಾರ ತಾನಾಗಿ ಇಳಿಯುತ್ತದೆ.

ತೀರ್ಮಾನಕ್ಕೆ ಬರುವ ಕ್ರಮ

ಅರ್ಜಿದಾರರು ಜಾಗವನ್ನು ಕನಿಷ್ಠ ಮೂರು ಬಾರಿ ನೋಡುವುದು ಒಳಿತು: ಕಡು ಬೇಸಿಗೆಯಲ್ಲಿ ನೀರಿಗಾಗಿ, ಜಡಿಮಳೆಯಲ್ಲಿ ನೆಲಕ್ಕಾಗಿ, ಸಂಜೆ ಕತ್ತಲಾದ ಮೇಲೆ ದಾರಿಗಾಗಿ. ಅಷ್ಟು ಕಾಲಾವಕಾಶ ಇಲ್ಲದಿದ್ದರೆ ಉಳಿದ ಕಾಲದ ಸ್ಥಿತಿಯನ್ನು ಅಲ್ಲಿಯ ಹಳೆಯ ನಿವಾಸಿಗಳಿಂದ ಕೇಳಿ ತಿಳಿಯಬೇಕು. ಕುಟುಂಬದಲ್ಲಿ ಯಾರು ಎಲ್ಲಿಗೆ ನಿತ್ಯ ಹೋಗಬೇಕು ಎಂಬ ಪಟ್ಟಿ ಮಾಡಿ, ತಿಂಗಳ ಪ್ರಯಾಣ ವೆಚ್ಚವನ್ನು ಈಗ ಕೊಡುತ್ತಿರುವ ಬಾಡಿಗೆಯೊಂದಿಗೆ ಹೋಲಿಸಬೇಕು. ಬಾಡಿಗೆ ಉಳಿದು ಪ್ರಯಾಣಕ್ಕೆ ಅದಕ್ಕಿಂತ ಹೆಚ್ಚು ಹೋಗುವುದಾದರೆ ಅದು ಲಾಭದ ಮನೆಯಲ್ಲ.

ತೀರದ ಕುಂದು ಕಂಡುಬಂದಲ್ಲಿ, ಹಕ್ಕುಪತ್ರ ಪಡೆಯುವ ಮುನ್ನವೇ, ಸಹಾಯಧನದ ಮೊದಲ ಕಂತು ಖಾತೆಗೆ ಬೀಳುವ ಮುನ್ನವೇ ಬದಲಿ ನಿವೇಶನಕ್ಕೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮನವಿಯಲ್ಲಿ 'ಜಾಗ ಇಷ್ಟವಿಲ್ಲ' ಎಂದು ಬರೆದರೆ ಪ್ರಯೋಜನವಿಲ್ಲ. ನಿವೇಶನದ ಸಂಖ್ಯೆ, ದರೆಯ ಎತ್ತರ, ಹಳ್ಳದಿಂದ ಇರುವ ಅಂತರ, ಕುಟುಂಬದಲ್ಲಿನ ಅಂಗವಿಕಲರು ಅಥವಾ ದೀರ್ಘ ರೋಗಿಗಳ ವಿವರ ನಮೂದಿಸಿ ಛಾಯಾಚಿತ್ರ ಲಗತ್ತಿಸಬೇಕು. ಒಂದೇ ಸಾಲಿನ ನಿವೇಶನದಾರರು ಒಟ್ಟಾಗಿ ಕೊಟ್ಟ ಮನವಿಗೆ ತೂಕ ಹೆಚ್ಚು. ಬದಲಿ ಸಿಗದಿದ್ದರೂ ತಡೆಗೋಡೆಗೆ ಅನುದಾನ ಕೇಳಲು ಅದೇ ಆಧಾರವಾಗುತ್ತದೆ.

ತೀರುವ ಕುಂದುಗಳಷ್ಟೇ ಇದ್ದಲ್ಲಿ ಹಿಂಜರಿಯಬೇಕಾಗಿಲ್ಲ. ಲೈನು ಮನೆಯಲ್ಲಿ ಹುಟ್ಟಿ ಅಲ್ಲಿಯೇ ಮುದುಕರಾದವರಿಗೆ ತಮ್ಮ ಹೆಸರಿನ ಹಕ್ಕುಪತ್ರ ಎಂದರೆ ಕೆಲಸ ಹೋದರೂ ಹೋಗದ ಸೂರು. ರಸ್ತೆಯ ಕೆಸರು ಒಂದಲ್ಲ ಒಂದು ದಿನ ಡಾಂಬರಾದೀತು. ನಿವೇಶನದ ಹಿಂದಿನ ಗುಡ್ಡ ಗಟ್ಟಿಯಾಗಿದೆಯೇ ಎಂಬುದನ್ನು ಮಾತ್ರ ತಳಪಾಯ ಹಾಕುವ ಮೊದಲೇ ನೋಡಿಕೊಳ್ಳಬೇಕು.